ದೊಡ್ಡದು ಮಾಡಿ

ಬೆಂಕಿಗೆ ಹೆದರುವವರಿದ್ದಾರೆ, ನೀರಿಗೆ ಹೆದರುವವರಿದ್ದಾರೆ. ಎರಡಕ್ಕೂ ಹೆದರುತ್ತ, ನೀರಿನ ಮೇಲೆ ಬೆಂಕಿ ಹಚ್ಚಿ ಅನ್ನ ಬೇಯಿಸುವ ಕೆಲಸಕ್ಕೆ ಒಪ್ಪಿದವಳು ಅಜ್ಜಂಪುರದ ತಿಪ್ಪಮ್ಮ ಒಬ್ಬಳೇ ಇರಬೇಕು. ಹಾಸ್ಟೆಲಿನ ಅಡುಗೆ ಕೆಲಸ ಹೋಗಿತ್ತು. ಗಂಡ ಚೌಡಪ್ಪನ ಎದೆಗೆ ಸ್ಟೆಂಟ್ ಹಾಕಿದ ಡಾಕ್ಟರು, ಇನ್ನು ಭಾರ ಎತ್ತಬೇಡ ಎಂದು ಕಳಿಸಿದ್ದರು. ಸಿಕ್ಕ ಕೆಲಸ ಬೇಡ ಅನ್ನುವ ಹಾಗಿರಲಿಲ್ಲ.

ಕೆಲಸ ಕೊಟ್ಟವನು ಸತೀಶ್. ಅಪ್ಪನ ಊರು ತರೀಕೆರೆಯಾದರೂ ಹುಟ್ಟಿ ಬೆಳೆದದ್ದು ಮುಂಬಯಿ. ಲಕ್ಕವಳ್ಳಿಯ ಭದ್ರಾ ಹಿನ್ನೀರಿಗೆ ಸಣ್ಣದೊಂದು ಹಾಯಿದೋಣಿ ತಂದಿದ್ದ. ಸುತ್ತಾಡಲು ಬಂದವರಿಗೆ ದೋಣಿಯಲ್ಲೇ ಬಿಸಿ ಊಟ ಹಾಕಬೇಕೆಂಬುದು ಅವನ ಹಟ.

ಮೊದಲ ದಿನವೇ ಮೂರು ಥರದ ಸ್ಟೌ ದಡದಲ್ಲಿ ಜೋಡಿಸಿಟ್ಟು, "ತಿಪ್ಪಮ್ಮಾ, ಒಲೆ ನೀವೇ ಆರಿಸಿ" ಅಂದ.

ತಿಪ್ಪಮ್ಮ ತಟಕ್ಕನೆ ತಡೆದಳು. "ಹಂಗನ್ಬಾರ್ದು ಕಣಪ್ಪಾ. ಆಯ್ಕೊಳಿ ಅನ್ನಿ."

ಎರಡೂ ಒಂದೇ ಅಲ್ಲವೇ ಎಂದು ಅವನು ನಕ್ಕ. ಒಂದೇ ಅಲ್ಲ. ಒಲೆಯಾಗಲಿ ದೀಪವಾಗಲಿ, ಮನೆಯ ಬೆಂಕಿಗೆ 'ಆರು' ಎಂಬ ಮಾತು ಸೋಕಬಾರದು, ಸೋಕಿದರೆ ಮನೆಯ ಜೀವವೊಂದು ಆರುತ್ತದೆ ಎಂದು ಅವಳ ಅವ್ವ ಹೇಳಿಕೊಟ್ಟಿದ್ದಳು. ದೀಪ ಆರಿಸಬೇಕಾದರೆ 'ದೊಡ್ಡದು ಮಾಡು' ಅನ್ನಬೇಕು, ಅಕ್ಕಿ ಮುಗಿದರೆ 'ಅಕ್ಕಿ ತುಂಬಿದೆ' ಅನ್ನಬೇಕು. "ನಿನ್ ಮಾತು ನಂಬ್ಕಂಡು ಕುಂತ್ರೆ ಉಪಾಸನೇ ಗತಿ ಕಣೇ" ಎಂದು ಚೌಡಪ್ಪ ಜೀವಮಾನವಿಡೀ ಛೇಡಿಸಿದ್ದ. ಮಾತಿಗೆ ದೀಪ ಆರುವುದಿಲ್ಲ, ಎಣ್ಣೆ ಮುಗಿದರೆ ಆರುತ್ತದೆ ಅನ್ನುವುದು ಅವನ ವಾದ. ಅವನು ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಮಾತ್ರ ತಿಪ್ಪಮ್ಮ ದಿನಾ ಸಂಜೆ ಬುದ್ಧನ ಪಟದ ಮುಂದೆ ದೀಪ ಹಚ್ಚುತ್ತಿದ್ದಳು, ನಾಲಿಗೆಯನ್ನು ಇನ್ನೂ ಬಿಗಿಹಿಡಿದಿದ್ದಳು.

ಸೀಮೆಎಣ್ಣೆ ಪಂಪ್ ಸ್ಟೌ ಸಿಡಿದು ಸುಟ್ಟುಕೊಂಡವರನ್ನು ಅವಳು ಕಣ್ಣಾರೆ ಕಂಡಿದ್ದಳು, ಅದು ಬೇಡ ಅಂದಳು. ಸ್ಪಿರಿಟ್ ಸ್ಟೌ ಉರಿ ಬಿಸಿಲಲ್ಲಿ ಕಾಣುವುದೇ ಇಲ್ಲ, ಆರಿದೆ ಎಂದುಕೊಂಡು ಮತ್ತೆ ಸ್ಪಿರಿಟ್ ಸುರಿದರೆ ಮುಖಕ್ಕೇ ಹೊತ್ತಿಕೊಳ್ಳುತ್ತದೆ ಎಂದು ಸತೀಶನೇ ಹೇಳಿದ. ಕಾಣದ ಬೆಂಕಿಯನ್ನು ನಂಬುವುದು ಹೇಗೆ? ಉಳಿದದ್ದು ಸಣ್ಣ ಸಿಲಿಂಡರಿನ ಗ್ಯಾಸ್ ಸ್ಟೌ. ದೋಣಿ ವಾಲಿದರೂ ಪಾತ್ರೆ ನೆಟ್ಟಗಿರಲೆಂದು ಸತೀಶ್ ಅದನ್ನು ದೋಣಿಯಲ್ಲಿ ತೊಟ್ಟಿಲಿನ ಹಾಗೆ ತೂಗುಬಿಟ್ಟ. ಸಿಲಿಂಡರನ್ನು ದೋಣಿಯ ಹಿಂದುಗಡೆ, ಗಾಳಿಯಾಡುವ ತೆರೆದ ಜಾಗದಲ್ಲಿ ಇಟ್ಟ.

"ಗ್ಯಾಸ್ ಗಾಳಿಗಿಂತ ಭಾರ ತಿಪ್ಪಮ್ಮಾ. ಮನೇಲಿ ಸೋರಿದ್ರೆ ಬಾಗಿಲಿಂದ ಹೋಗುತ್ತೆ. ದೋಣೀಲಿ ಸೋರಿದ್ರೆ ತಳದಲ್ಲಿ ಕೂತ್ಕೊಳ್ಳುತ್ತೆ. ಆಮೇಲೆ ಒಂದು ಕಿಡಿ ಸಾಕು."

ಆ ಮಾತು ಕೇಳಿದ ಮೇಲೆ ತಿಪ್ಪಮ್ಮ ದೋಣಿ ಹತ್ತುವಾಗೆಲ್ಲ ಮೊದಲು ಮೂಗು ಮುಂದಿಡುತ್ತಿದ್ದಳು.

ಜನರನ್ನು ಹತ್ತಿಸಿಕೊಳ್ಳಲು ಶುರುಮಾಡುವ ಮುಂಚೆ ಒಂದು ಮಧ್ಯಾಹ್ನ ಇಬ್ಬರೇ ಹೊರಟರು. ನಡು ನೀರಿಗೆ ಬಂದ ಮೇಲೆ ಸತೀಶ್ ಚುಕ್ಕಾಣಿಯನ್ನು ಅವಳ ಕೈಗೆ ಕೊಟ್ಟು, ಇವತ್ತು ಟೀ ತಾನೇ ಮಾಡುವುದಾಗಿ ಸ್ಟೌ ಹತ್ತಿರ ಕೂತ. ಗಾಳಿ ಒಮ್ಮೆಲೇ ಬೀಸಿತು. ದೋಣಿ ಒಂದು ಮಗ್ಗುಲಿಗೆ ವಾಲಿತು. ತಿಪ್ಪಮ್ಮ ಎರಡೂ ಕೈಯಲ್ಲಿ ಚುಕ್ಕಾಣಿ ಅವುಚಿಕೊಂಡಳು. ಆಗಲೇ ಸಿಲಿಂಡರ್ ಜರುಗಿದ ಸದ್ದು, ಹಿಂದೆಯೇ ವಾಸನೆ. ಸಿಲಿಂಡರನ್ನು ಕಟ್ಟಿದ್ದ ಹಗ್ಗ ಸಡಿಲವಾಗಿ ಪೈಪು ಅರ್ಧ ಕಳಚಿಕೊಂಡಿತ್ತು. ಜರುಗಿದ ಸಿಲಿಂಡರ್ ಅವಳ ಕೈಗೆ ಎಟಕುತ್ತಿರಲಿಲ್ಲ. ಚುಕ್ಕಾಣಿ ಬಿಟ್ಟರೆ ದೋಣಿ ಮಗುಚುತ್ತಿತ್ತು. ಗಾಳಿ ಹಿಂದಿನಿಂದ ಬೀಸುತ್ತಿತ್ತು, ಉರಿ ಮುಂದಿತ್ತು.

"ಸತೀಶಪ್ಪಾ, ದೊಡ್ಡದ್ಮಾಡಿ!"

ಪೈಪು ಸೋರುತ್ತಿದ್ದುದರಿಂದ ಉರಿ ನಿಜಕ್ಕೂ ಸಣ್ಣಗಾಗಿತ್ತು. "ಹೌದಲ್ವಾ" ಅಂದವನೇ ಅವನು ನಾಬನ್ನು ಪೂರಾ ತಿರುಗಿಸಿದ.

"ದೊಡ್ಡದ್ಮಾಡ್ರಪ್ಪಾ ಅಂದ್ರೆ!"

"ಪೂರ್ತಿ ಮಾಡಿದೀನಿ, ಇಷ್ಟೇ ಬರೋದು."

ಗಾಬರಿಯಲ್ಲಿ ತಿಪ್ಪಮ್ಮನಿಗೆ ಬೇರೆ ಹೇಗೆ ಹೇಳಬೇಕೆಂದು ಹೊಳೆಯಲಿಲ್ಲ. ಬೇಕಾದ ಮಾತು ಒಂದೇ ಇತ್ತು, ಅದು ನಾಲಿಗೆಗೆ ಬರಬಾರದ ಮಾತು. ಬೆಳಿಗ್ಗೆ ಜಗಲಿಯ ಮೇಲೆ ಎದೆ ನೀವಿಕೊಳ್ಳುತ್ತ ಕೂತಿದ್ದ ಗಂಡ ಕಣ್ಣ ಮುಂದೆ ಬಂದ. ಎದುರಿಗೆ ಯಾರೋ ಹೆತ್ತ ಮಗ, ನಗುತ್ತ ಟೀ ಕದಡುತ್ತಿದ್ದ. ವಾಸನೆ ಹೆಚ್ಚುತ್ತಿತ್ತು, ಟೀ ಹಬೆಗೆ ಬಗ್ಗಿದ್ದ ಅವನಿಗಿನ್ನೂ ಅದು ಬಡಿದಿರಲಿಲ್ಲ.

"ಆರ್ಸೋ! ಗ್ಯಾಸ್ ಸೋರ್ತೈತೆ, ಒಲೆ ಆರ್ಸೋ!"

ಸತೀಶ್ ಸ್ಟೌ ಆರಿಸಿ, ಹಿಂದಕ್ಕೆ ತೆವಳಿ ಬಂದು ಸಿಲಿಂಡರ್ ಬಂದ್ ಮಾಡಿದ. ಹಾಯಿ ಇಳಿಸಿದ. ತಳದ ಹಲಗೆಗಳನ್ನೆಲ್ಲ ಎತ್ತಿ ಗಾಳಿಗೆ ಬಿಟ್ಟು, ವಾಸನೆ ಪೂರಾ ಹೋಗುವವರೆಗೂ ಇಬ್ಬರೂ ಕಾದು ಕೂತರು. ಪೈಪಿಗೆ ಕ್ಲಿಪ್ ಹಾಕುವುದನ್ನೇ ಮರೆತಿದ್ದೆ ಎಂದು ಅವನು ಒಪ್ಪಿಕೊಂಡ. ತಿಪ್ಪಮ್ಮನಿಗೆ ಅದೊಂದೂ ಕೇಳಿಸಲಿಲ್ಲ.

ದಡಕ್ಕೆ ಬಂದವಳೇ ಫೋನ್ ಮಾಡಿದಳು. ಚೌಡಪ್ಪ ಎತ್ತಲಿಲ್ಲ. ತರೀಕೆರೆ ಬಸ್ ಸ್ಟಾಂಡಿನಲ್ಲಿ ಮತ್ತೆ ಮಾಡಿದಳು, ಆಗಲೂ ಎತ್ತಲಿಲ್ಲ. ಅಜ್ಜಂಪುರದ ಬಸ್ಸಿನಲ್ಲಿ ಮತ್ತೆ ಮತ್ತೆ ಫೋನು ತೆಗೆದು ನೋಡಿದಳು. ಆಡಿದ ಮಾತನ್ನು ಹಿಂದಕ್ಕೆ ನುಂಗುವಂತಿದ್ದರೆ ನುಂಗಿಬಿಡುತ್ತಿದ್ದಳು.

ಅವಳು ಮನೆ ತಲುಪಿದಾಗ ಮುಸ್ಸಂಜೆ. ಚೌಡಪ್ಪ ತಾನೇ ದೀಪ ಹಚ್ಚಿ ಪಟದ ಮುಂದೆ ಕೂತಿದ್ದ. ಫೋನು ಚಾರ್ಜಿಗಿಟ್ಟು ಮರೆತಿದ್ದನಂತೆ. ತಿಪ್ಪಮ್ಮ ಹೊಸಿಲ ಮೇಲೆ ಕುಸಿದು ಕೂತು ಅತ್ತಳು. ಅಳುತ್ತಲೇ ನಡೆದದ್ದೆಲ್ಲ ಹೇಳಿದಳು. ಗಂಡ ನಗುತ್ತಾನೆ ಅಂದುಕೊಂಡಿದ್ದಳು, ಅವನು ನಗಲಿಲ್ಲ.

ಊಟವಾದ ಮೇಲೆ ಚೌಡಪ್ಪ ದೀಪದ ಹತ್ತಿರ ಹೋಗಿ ನಿಂತ. ದಿನಾ ಆ ಹೊತ್ತಿಗೆ ಬೇಕೆಂದೇ 'ಆರಿಸ್ಲಾ' ಎಂದು ಕೇಳಿ ಬೈಸಿಕೊಳ್ಳುತ್ತಿದ್ದವನು ಇವತ್ತು ಮೆಲ್ಲಗೆ, "ದೊಡ್ಡದ್ ಮಾಡ್ಲೇನೇ?" ಅಂದ.

"ಬ್ಯಾಡ" ಅಂದಳು ತಿಪ್ಪಮ್ಮ. "ಇವತ್ತು ಉರ್ಕಂಡಿರ್ಲಿ."

ಎದ್ದು ಹೋಗಿ ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿದಳು.