ಹಿಮ್ಮಡಿ ಎತ್ತಬೇಕೋ ಬೇಡವೋ

ದೋಸ್ತರೇ, ಇವತ್ತು ಸವಣೂರಿನ ನಮ್ಮ ಎಲೆತೋಟದ ಪಕ್ಕದ ಬಯಲಿನಲ್ಲಿ ದೊಡ್ಡ ಜಗಳವಾಯಿತು. ನಾಳೆ ಹುಬ್ಬಳ್ಳಿಯಲ್ಲಿ ಮೊಮ್ಮಗಳು ಮುಬೀನಾ ಗಾಲ್ಫ್ ತಂಡದ ಆಯ್ಕೆಗೆ ನಿಲ್ಲಬೇಕು. ಅವಳ ಒಂದು ಹೊಡೆತವೂ ಚೆಂಡಿಗೆ ತಾಗುತ್ತಿರಲಿಲ್ಲ, ಬರೀ ಮಣ್ಣು ಹಾರುತ್ತಿತ್ತು.

ನಾನು ಶಾಲೆ ಬಿಟ್ಟು, ಮುಂಬೈಯಲ್ಲಿ ಗಾಲ್ಫ್ ಆಡುವವರ ಚೀಲ ಹೊತ್ತು ಈ ಆಟ ಕಲಿತವನು. "ಎಡಗಾಲಿನ ಹಿಮ್ಮಡ ಎತ್ತು, ಮೈ ಪೂರಾ ತಿರುಗಸು" ಎಂದೆ.

ಅವಳ ಕೋಚ್ ಫೋನಿನ ವಿಡಿಯೊ ಕಾಲ್‌ನಲ್ಲಿ ಎಲ್ಲ ನೋಡುತ್ತಿದ್ದ. "ಅಜ್ಜಾರ, ಅದು ಹಳೇ ಪದ್ಧತಿರಿ. ಈಗ ಹಿಮ್ಮಡ ಎತ್ತಂಗಿಲ್ಲ, ಸೊಂಟಾನೂ ಭಾಳ ತಿರುಗಸಂಗಿಲ್ಲ" ಎಂದ.

"ಸೊಂಟಾ ತಿರುಗಸದ ನಿಲ್ಲಾಕ ಅಕಿ ಏನ್ ಲೈಟಿನ ಕಂಬೇನೋ?" ಎಂದು ಮುಬೀನಾಳ ಕೈಯಿಂದ ಫೋನ್ ಕಸಿದುಕೊಂಡೆ. ಅವನೂ ದನಿ ಏರಿಸಿದ. ನಾನೂ ಬಿಡಲಿಲ್ಲ.

ಅಷ್ಟರಲ್ಲಿ ಹಿಂದೆ ಟಪ್ಪೆಂದಿತು. ತಿರುಗಿ ನೋಡಿದರೆ ಚೆಂಡು ತೋಟದ ಮೇಲೆ ನೆಟ್ಟಗೆ ಹಾರುತ್ತಿತ್ತು.

"ಹಿಮ್ಮಡ ಎತ್ತಿದ್ಯೋ ಇಲ್ಲೋ?" ಎಂದು ಇಬ್ಬರೂ ಒಟ್ಟಿಗೇ ಕೇಳಿದೆವು.

"ಗೊತ್ತಿಲ್ಲ ದಾದಾ. ನೀವಿಬ್ರೂ ನನ್ನ ಮರತು ಜಗಳಾಡಾಕತ್ತಿದ್ರಿ, ನನ್ನಂಗ ನಾ ಹೊಡದೆ."

ನಾಳೆಯೂ ಅವಳು ಹೊಡೆಯುವಾಗ ನಾವಿಬ್ಬರು ಬೇಲಿಯಾಚೆ ನಿಂತು ಜಗಳಾಡಬೇಕಂತೆ. ಜಗಳಾಡುವುದನ್ನು ನನಗೆ ಯಾವ ಕೋಚೂ ಕಲಿಸಬೇಕಾಗಿಲ್ಲ.