ಹೆರ್ಡಿಸ್ ಎತ್ತಿದ ಚೀಟಿ

ದೇವರ ಹೆಸರು ಹೇಳಿಕೊಂಡು ತಮಗೆ ಬೇಕಾದ್ದನ್ನು ಮಾಡಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕುಡಿದು ದಕ್ಕೆಯ ಮೇಲೆ ಬೀಳುವವರನ್ನು ಹೇಗೋ ಸಹಿಸಿಕೊಳ್ಳಬಹುದು, ಅವರು ಬಾಟಲಿಗೆ ಪರಿಶುದ್ಧ ಎಂಬ ಹೆಸರನ್ನಂತೂ ಇಡುವುದಿಲ್ಲ. ನಾರ್ವೆಯ ಪಶ್ಚಿಮ ಕಡಲಿನ ನಮ್ಮ ಹೆಲ್ವಿಕ ದ್ವೀಪದಲ್ಲಿ ಕುಡುಕರು ಕಡಿಮೆ, ಈ ಇನ್ನೊಂದು ಥರದವರೇ ಜಾಸ್ತಿ. ಹುಟ್ಟಿದಾಗಿನಿಂದ ಇವರ ನಡುವೆಯೇ ಇದ್ದೇನೆ. ಪ್ರತಿ ಭಾನುವಾರ ಪ್ರಾರ್ಥನಾ ಮನೆಯ ಹಿಂದಿನ ಬೆಂಚಿನಲ್ಲಿ ಕೂತು ಇವರ ಜೊತೆಗೇ ಹಾಡುತ್ತೇನೆ. ಆದ್ದರಿಂದ ನನಗೆ ಹೇಳುವ ಹಕ್ಕಿದೆ, ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ಹೆರ್ಡಿಸ್ ನನ್ನ ಪಕ್ಕದ ಮನೆಯವಳು, ಶಾಲೆಯಲ್ಲಿ ಒಂದೇ ಬೆಂಚಿನವಳು. ಅವಳನ್ನು ಸಂತಳು ಎಂದುಕೊಳ್ಳಬೇಡಿ. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ, ಒಳ್ಳೆಯ ಚಪ್ಪಲಿ ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಪ್ರಾರ್ಥನಾ ಮನೆಯಲ್ಲಿ ಕಾಫಿ ಮಾಡುವುದು, ಲೆಫ್ಸೆ ರೊಟ್ಟಿ ಬೇಯಿಸಿ ಬೆಣ್ಣೆ ಸಕ್ಕರೆ ಹಚ್ಚಿ ಮಡಿಸುವುದು ಎಲ್ಲಾ ಅವಳದೇ. ಮದುವೆಯಾಗಲಿಲ್ಲ, ಆಗಲು ಪುರುಸೊತ್ತೂ ಸಿಗಲಿಲ್ಲ. ಮನೆಯಲ್ಲಿ ತಮ್ಮ ಐವಿಂದ್ ಇದ್ದ.

ಐವಿಂದನಿಗೆ ಬುದ್ಧಿ ಹುಡುಗನದು, ಮೈ ಎತ್ತಿನದು. ಓದು ಬರಹ ಬಾರದು. ಆದರೆ ಅವನ ಕುರಿಗಳೆಲ್ಲ ಅವನ ಒಂದು ಕೂಗಿಗೆ ಗುಡ್ಡದಿಂದ ಇಳಿದು ಬರುತ್ತಿದ್ದವು. ತಾಯಿ ಸಾಯುವಾಗ ಅವನ ಕೈಯನ್ನು ಹೆರ್ಡಿಸಳ ಕೈಯಲ್ಲಿಟ್ಟು ಕಣ್ಣು ಮುಚ್ಚಿದಳು. ತಂದೆ ಅದಕ್ಕೂ ಮೊದಲೇ ಒಂದು ಷರತ್ತು ಬರೆಸಿಟ್ಟಿದ್ದ: ಐವಿಂದ್ ಆ ಮನೆಯಲ್ಲಿ ಇರುವವರೆಗೆ ಮನೆಯನ್ನೂ ಗುಡ್ಡವನ್ನೂ ಯಾರೂ ಮಾರುವಂತಿಲ್ಲ.

ಈ ಷರತ್ತು ಹಿರಿಯಣ್ಣ ತೋರ್ಲೈವನ ಗಂಟಲಲ್ಲಿ ಮೀನಿನ ಮುಳ್ಳಾಗಿ ಸಿಕ್ಕಿಕೊಂಡಿತ್ತು. ತೋರ್ಲೈವ್ ಪ್ರಾರ್ಥನಾ ಮನೆಯ ಅಧ್ಯಕ್ಷ. ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ಬೆಣ್ಣೆ ಸವರಿದ ದನಿಯಲ್ಲಿ ಪ್ರಾರ್ಥಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆಗ ಎಪ್ಪತ್ತರ ದಶಕದ ಕೊನೆ. ಬೇಸಿಗೆ ಕಳೆಯಲು ಬರುವ ಪಟ್ಟಣದವರು ಕಡಲು ಕಾಣುವ ಗುಡ್ಡಗಳ ಮೇಲೆಲ್ಲ ಮರದ ಮನೆ ಕಟ್ಟಿಸಿಕೊಳ್ಳುತ್ತಿದ್ದರು, ತೋರ್ಲೈವ್ ಆ ಗುಡ್ಡದ ಮೇಲೆ ಕಣ್ಣು ಹಾಕಿದ್ದ. ಆಸೆ ಇದ್ದರೆ ಇರಲಿ, ಮನುಷ್ಯನಿಗೆ ಆಸೆ ಇರುತ್ತದೆ. ಆದರೆ ಅವನು ಅದನ್ನು ಆಸೆ ಎನ್ನುತ್ತಿರಲಿಲ್ಲ, ಕರ್ತನು ತನಗೆ ಕೊಟ್ಟ ಭಾರ ಎನ್ನುತ್ತಿದ್ದ. ಥೂ.

ಆ ವಸಂತದಲ್ಲಿ ಸ್ತಾವಂಗೆರ್ ಪಟ್ಟಣದಿಂದ ಒಂದು ಹಾಡಿನ ತಂಡ ಬಂತು. ಅದರಲ್ಲಿ ಕೊರ್ನೆಲಿಯುಸ್ ಎಂಬ ನಿವೃತ್ತ ಹಡಗಿನ ಕಪ್ತಾನನಿದ್ದ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಗಡ್ಡ ನೀಟಾಗಿತ್ತು, ದನಿ ದಪ್ಪವಾಗಿತ್ತು. ಹೆರ್ಡಿಸಳ ಲೆಫ್ಸೆಯನ್ನು ಅವನು ಹೊಗಳಿದ ರೀತಿ ನೋಡಿಯೇ ನನಗೆ ಗೊತ್ತಾಯಿತು, ಇದು ರೊಟ್ಟಿಯ ಮಾತಲ್ಲ ಎಂದು. ಬೇಸಿಗೆ ಮುಗಿಯುವುದರೊಳಗೆ ಮದುವೆಯ ಮಾತು ಎತ್ತಿದ. ಐವತ್ತೆಂಟರ ಹೆರ್ಡಿಸ್ ಹದಿನೆಂಟರವಳಂತೆ ಕೆಂಪಾದಳು. ಅವಳ ಸಂತೋಷ ಕಂಡು ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಹೊರಬಿತ್ತು ಅವನ ಷರತ್ತು. ಪಟ್ಟಣದಲ್ಲಿ ಅವನದು ಎರಡು ಕೋಣೆಯ ಮನೆ, ಮೂರನೆಯವರಿಗೆ ಜಾಗವಿಲ್ಲ. ಅವನು ಅದನ್ನು ಒರಟಾಗಿ ಹೇಳಲಿಲ್ಲ, ಐವಿಂದನ ಒಳ್ಳೆಯದಕ್ಕೇ ಎನ್ನುವಂತೆ ಹೇಳಿದ. ಒಳನಾಡಿನಲ್ಲಿ ಇಂಥವರಿಗೆಂದೇ ಸರ್ಕಾರದ ಆಶ್ರಮವಿದೆ, ಅಲ್ಲಿ ನರ್ಸುಗಳಿದ್ದಾರೆ, ಹೊತ್ತು ಹೊತ್ತಿಗೆ ಊಟವಿದೆ. ತೋರ್ಲೈವನಿಗೆ ಹಬ್ಬವಾಯಿತು. ಒಂದೇ ಮದುವೆಯಲ್ಲಿ ತಂಗಿಗೆ ಗಂಡ, ತಮ್ಮನಿಗೆ ಆಶ್ರಮ, ತನಗೆ ಗುಡ್ಡ.

ಹೆರ್ಡಿಸ್ ಒದ್ದಾಡಿದಳು. ನನ್ನ ಅಡಿಗೆಮನೆಯಲ್ಲಿ ಕೂತು, ಕಾಫಿ ತಣ್ಣಗಾಗಲು ಬಿಟ್ಟು, ಏನು ಮಾಡಲಿ ಎಂದು ಕೇಳಿದಳು. ಐವಿಂದನನ್ನು ಕುರಿಗಳಿಂದ ಬಿಡಿಸಿದರೆ ಅವನಲ್ಲಿ ಏನೂ ಉಳಿಯುವುದಿಲ್ಲ ಎಂದೆ. ಅವಳಿಗೆ ಸಿಟ್ಟು ಬಂತು. ಗಂಡ ಮಕ್ಕಳು ಇರುವವಳು ಹೀಗೆ ಹೇಳುವುದು ಸುಲಭ ಎಂದಳು. ಅದೂ ನಿಜವೇ. ಆದರೆ ತೋರ್ಲೈವ್ ಬಿಡಲಿಲ್ಲ. ಮನುಷ್ಯರನ್ನು ಯಾಕೆ ಕೇಳುತ್ತೀಯ, ಮನ್ನ ತೆಗೆದು ನೋಡು ಎಂದ.

ನಮ್ಮಲ್ಲಿ ಪ್ರತಿ ಮನೆಯ ಮೇಜಿನ ಮೇಲೂ ಮನ್ನದ ಡಬ್ಬಿ ಇರುತ್ತದೆ, ಮನ್ನ ಎಂದರೆ ಬೈಬಲಿನಲ್ಲಿ ದೇವರು ಆಕಾಶದಿಂದ ಸುರಿಸಿದ ಅನ್ನ. ಪುಟ್ಟ ಡಬ್ಬಿ, ಒಳಗೆ ಬೀಡಿಯಂತೆ ಸುತ್ತಿ ನಿಲ್ಲಿಸಿದ ಚೀಟಿಗಳು, ಒಂದೊಂದರಲ್ಲೂ ಒಂದು ದೇವರ ವಾಕ್ಯ. ಕಾಫಿಯಾದ ಮೇಲೆ ಚಿಮ್ಟದಿಂದ ಒಂದು ಚೀಟಿ ಎತ್ತಿ ಓದಿ ಮತ್ತೆ ಸುತ್ತಿಡುತ್ತೇವೆ. ನನ್ನಜ್ಜಿಗೆ ಅದು ದಿನದ ತುತ್ತು ಅಷ್ಟೇ, ಓದಿ ಎರಡು ನಿಮಿಷ ಸುಮ್ಮನೆ ಕೂರುತ್ತಿದ್ದಳು. ಈ ತೋರ್ಲೈವನಂಥವರು ಅದನ್ನು ಗಿಣಿಶಾಸ್ತ್ರ ಮಾಡಿದರು. ದೋಣಿ ಕೊಳ್ಳಲೋ ಬೇಡವೋ, ಹುಡುಗಿಗೆ ಹೂಂ ಅನ್ನಲೋ ಬೇಡವೋ, ಎಲ್ಲಕ್ಕೂ ಚಿಮ್ಟ. ಚೀಟಿಯಲ್ಲಿ ಬಂದದ್ದಕ್ಕೆ ಯಾರೂ ಎದುರಾಡುವಂತಿಲ್ಲ, ಎದುರಾಡಿದರೆ ದೇವರಿಗೇ ಎದುರಾಡಿದ ಹಾಗೆ.

ಮುಂದಿನ ಭಾನುವಾರ ಕಾಫಿಯ ಹೊತ್ತಿಗೆ ಹೆರ್ಡಿಸ್ ಎದ್ದುನಿಂತು, ತಾನು ಜ್ಞಾನಕ್ಕಾಗಿ ಪ್ರಾರ್ಥಿಸಿ ಮನ್ನ ತೆಗೆದೆ ಎಂದಳು. ತವರನ್ನು ಮರೆತು ಹೊರಡು, ನಿನ್ನ ಚೆಲುವನ್ನು ಅರಸನು ಬಯಸುವನು ಎಂಬರ್ಥದ ವಾಕ್ಯ ಬಂದಿತ್ತಂತೆ. ಕೊರ್ನೆಲಿಯುಸ್ ಗಡ್ಡ ನೀವಿಕೊಂಡ. ಇಡೀ ಪ್ರಾರ್ಥನಾ ಮನೆ ಆಮೆನ್ ಎಂದಿತು. ಐವಿಂದ್ ಮೂಲೆಯಲ್ಲಿ ಲೆಫ್ಸೆ ತಿನ್ನುತ್ತಾ, ಎಲ್ಲರೂ ಅಂದರಲ್ಲ ಎಂದು ತಾನೂ ಜೋರಾಗಿ ಆಮೆನ್ ಎಂದ. ನಾನು ನನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಸೆಪ್ಟೆಂಬರಿನಲ್ಲಿ ಹೆರ್ಡಿಸ್ ಅವನನ್ನು ಆಶ್ರಮಕ್ಕೆ ಬಿಟ್ಟು ಬಂದಳು. ಮೊದಲು ಕೆಲವು ವಾರ ಹೊಂದಿಕೊಳ್ಳಲಿ, ಆಮೇಲೆ ಕಾಯಂ ಮಾಡೋಣ ಎಂದರಂತೆ. ಆ ಕೆಲವು ವಾರಗಳನ್ನೂ ತೋರ್ಲೈವ್ ಸುಮ್ಮನೆ ಕಳೆಯಲಿಲ್ಲ, ಅಳತೆಯವರನ್ನು ಕರೆಸಿ ಗುಡ್ಡದ ತುಂಬ ಗೂಟ ಹೊಡೆಸಿದ. ಹೊಡೆಯುವ ಮುಂಚೆ ಪ್ರಾರ್ಥನೆ ಬೇರೆ. ಕುರಿಗಳು ಕೂಗುವವನಿಲ್ಲದೆ ಮೇಲೆಯೇ ಉಳಿದವು.

ಭೇಟಿಯ ದಿನ ಹೆರ್ಡಿಸ್ ಒಬ್ಬಳೇ ಹೋಗಲಾರೆ ಎಂದದ್ದಕ್ಕೆ ನಾನೂ ಹೋದೆ. ಆಶ್ರಮ ಕೆಟ್ಟದಾಗಿರಲಿಲ್ಲ, ಅದನ್ನು ಹೇಳಲೇಬೇಕು. ನೆಲ ಹೊಳೆಯುತ್ತಿತ್ತು, ಕಿಟಕಿಗೆ ಹೂವಿನ ಪರದೆ ಇತ್ತು. ಐವಿಂದ್ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೋಟು ಹಾಕಿಕೊಂಡು, ಟೊಪ್ಪಿ ಇಟ್ಟುಕೊಂಡು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಬಂದ ದಿನದಿಂದ ಹಗಲೆಲ್ಲ ಹೀಗೆಯೇ, ಊಟಕ್ಕೂ ಕೋಟು ಬಿಚ್ಚುವುದಿಲ್ಲ ಎಂದಳು ನರ್ಸು. ಆದರೂ ಹೊಂದಿಕೊಳ್ಳುತ್ತಿದ್ದಾನಂತೆ, ಗಲಾಟೆ ಮಾಡುವುದಿಲ್ಲವಂತೆ. ಗಲಾಟೆ ಮಾಡದಿರುವುದೇ ಹೊಂದಿಕೊಳ್ಳುವುದಾದರೆ ಸತ್ತ ಕುರಿಗಿಂತ ಚೆನ್ನಾಗಿ ಹೊಂದಿಕೊಳ್ಳುವವರು ಯಾರು? ಅವನು ಬಹಳ ಇಳಿದಿದ್ದ, ಕೋಟು ಗೂಟಕ್ಕೆ ತಗುಲಿಸಿದ ಹಾಗೆ ಜೋಲುತ್ತಿತ್ತು.

ಹೆರ್ಡಿಸಳನ್ನು ಕಂಡದ್ದೇ ಎದ್ದು ಅವಳ ಕೈ ಹಿಡಿದು ಬಾಗಿಲ ಕಡೆ ಹೊರಟ. ಇವತ್ತಲ್ಲ ಎಂದಳು ಅವಳು. ಅವನು ಕೈ ಬಿಟ್ಟು ವಾಪಸ್ ಹೋಗಿ ಕುರ್ಚಿಯಲ್ಲಿ ಕೂತ. ಅಳಲಿಲ್ಲ, ಕೇಳಲಿಲ್ಲ, ನಾವು ತಂದ ಲೆಫ್ಸೆಯ ಪೊಟ್ಟಣವನ್ನು ಬಿಚ್ಚಲೂ ಇಲ್ಲ. ಫೆರ್ರಿಯಲ್ಲಿ ಬರುವಾಗ ದಾರಿಯುದ್ದಕ್ಕೂ ಹೆರ್ಡಿಸ್ ನೀರು ನೋಡುತ್ತಾ ನಿಂತಿದ್ದಳು. ನಾನೂ ಮಾತಾಡಿಸಲಿಲ್ಲ. ಬಾಯಿ ತೆಗೆದಿದ್ದರೆ ಬೈದುಬಿಡುತ್ತಿದ್ದೆ.

ಅದೇ ವಾರದ ಕೊನೆಗೆ ಪ್ರಾರ್ಥನಾ ಮನೆಯಲ್ಲಿ ಅವಳಿಗೆ ಬೀಳ್ಕೊಡುಗೆಯ ಸಾಕ್ಷಿ ಕೂಟ. ಒಬ್ಬೊಬ್ಬರೇ ಎದ್ದು ದೇವರು ತಮಗೆ ಮಾಡಿದ್ದನ್ನು ಹೇಳುವ ಕೂಟ ಅದು. ತೋರ್ಲೈವ್ ಮೊದಲು ಎದ್ದು, ತಂಗಿ ಲೋಕದ ಬುದ್ಧಿಯನ್ನು ಬಿಟ್ಟು ದೇವರ ಜ್ಞಾನವನ್ನು ಹುಡುಕಿದಳು, ನೋಡಿ ಎಂಥ ಆಶೀರ್ವಾದ ಎಂದ. ಕೊರ್ನೆಲಿಯುಸ್ ಮುಂದಿನ ಸಾಲಿನಲ್ಲಿ ಹೊಸ ಕೋಟಿನಲ್ಲಿದ್ದ. ಹೆರ್ಡಿಸ್ ಅಡಿಗೆ ಕೋಣೆಯಿಂದ ಏಪ್ರನ್ ಬಿಚ್ಚದೆಯೇ ಬಂದು ನಿಂತಳು.

"ನಾನು ಎತ್ತಿದ್ದು ಒಂದೇ ಚೀಟಿ ಅಲ್ಲ," ಎಂದಳು. "ಮೊದಲನೇದು ಹಾಡೋದರ ಬಗ್ಗೆ ಏನೋ ಇತ್ತು. ಎರಡನೇದು ಬಲ ಇಲ್ಲದವರನ್ನ ಹೊತ್ಕೊ ಅಂತ. ಅದು ನನಗಲ್ಲ ಅಂದ್ಕೊಂಡು ಸುತ್ತಿಟ್ಟೆ. ಆಮೇಲೆ ಎಷ್ಟು ತೆಗೆದ್ನೋ ಲೆಕ್ಕ ಇಲ್ಲ. ಬೇಕಾದ್ದು ಸಿಗೋ ತನಕ ತೆಗೀತಾನೇ ಇದ್ದೆ. ಸಿಕ್ಕಿದ ಮೇಲೆ ಇಲ್ಲಿ ಬಂದು ಓದ್ದೆ, ನೀವು ಆಮೆನ್ ಅಂದ್ರಿ. ನಾನು ದೇವರ ಹತ್ರ ಜ್ಞಾನ ಕೇಳ್ಲಿಲ್ಲ. ಅಪ್ಪಣೆ ಕೇಳ್ದೆ. ನನ್ನ ಮೇಲೆ ನನಗೇ ಹೇಸಿಗೆ ಆಗ್ತಿದೆ."

ಇಷ್ಟು ವರ್ಷದಲ್ಲಿ ಆ ಗೋಡೆಗಳ ನಡುವೆ ಒಬ್ಬರಾದರೂ ನಿಜ ಹೇಳಿದರಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಈಗಲಾದರೂ ತೋರ್ಲೈವ್ ತಲೆ ತಗ್ಗಿಸುತ್ತಾನೆ ಎಂದುಕೊಂಡೆ. ಅವನು ತಲೆ ವಾಲಿಸಿದ.

"ನೋಡು ಹೆರ್ಡಿಸ್," ಎಂದ ಅದೇ ಬೆಣ್ಣೆ ದನಿಯಲ್ಲಿ, "ಕರ್ತನ ತಾಳ್ಮೆ ಎಷ್ಟು ದೊಡ್ಡದು. ಸರಿಯಾದ ಚೀಟಿ ಸಿಗೋವರೆಗೂ ನಿನ್ನ ಕೈ ಬಿಡಲಿಲ್ಲ."

ಸುತ್ತ ಕೂತವರು ಇದಕ್ಕೂ ಆಮೆನ್ ಎಂದರು. ಸತ್ಯವಾಗಿ ಹೇಳುತ್ತೇನೆ, ನಾನು ಎದ್ದು ಹೊರಗೆ ಹೋಗಿ ಮೆಟ್ಟಿಲ ಪಕ್ಕ ವಾಂತಿ ಮಾಡಿದೆ. ವಾಪಸ್ ಬಂದಾಗ ಹೆರ್ಡಿಸ್ ಕೊರ್ನೆಲಿಯುಸನ ಮುಂದೆ ನಿಂತಿದ್ದಳು. ಐವಿಂದ್ ಜೊತೆಗೆ ಬಂದರೆ ಬರುತ್ತೇನೆ, ಇಲ್ಲವಾದರೆ ಇಲ್ಲ ಎಂದು ಹೇಳುತ್ತಿದ್ದಳು. ಅವನು ಟೊಪ್ಪಿಯನ್ನು ತಿರುಗಿಸುತ್ತಾ, ತನ್ನ ವಯಸ್ಸಿಗೆ ಅದು ಆಗುವ ಮಾತಲ್ಲ ಎಂದ. ಇಡೀ ಸಂಜೆಯಲ್ಲಿ ದೇವರನ್ನು ಎಳೆದು ತರದೆ ಮಾತಾಡಿದ ಗಂಡಸು ಅವನೊಬ್ಬನೇ. ಮಾರನೆಯ ಬೆಳಗಿನ ಫೆರ್ರಿಯಲ್ಲಿ ಅವನು ಪಟ್ಟಣಕ್ಕೆ ವಾಪಸ್ ಹೊರಟ, ಅದೇ ಫೆರ್ರಿಯಲ್ಲಿ ಅವಳು ಐವಿಂದನನ್ನು ಕರೆತರಲು ಹೊರಟಳು. ಇಬ್ಬರೂ ಬೇರೆ ಬೇರೆ ಬೆಂಚುಗಳಲ್ಲಿ ಕೂತರು.

ಊರಿನವರು ಅವಳನ್ನು ಕ್ಷಮಿಸಲಿಲ್ಲ. ಚೀಟಿ ಮತ್ತೆ ಮತ್ತೆ ಎತ್ತಿದ್ದಕ್ಕಲ್ಲ, ಅದನ್ನು ಎಲ್ಲರೂ ಎತ್ತುತ್ತಾರೆ, ಅಷ್ಟು ಜನರ ಮುಂದೆ ಹೇಳಿದ್ದಕ್ಕೆ. ವಾಕ್ಯವನ್ನು ಹೀಯಾಳಿಸಿದಳು ಎಂದು ಗುಸುಗುಸು ಎದ್ದಿತು. ಕಾಫಿಯ ಕೆಲಸ ಅವಳ ಕೈಯಿಂದ ಹೋಯಿತು, ಈಗ ಅಲ್ಲಿ ಕುಡಿಯುವುದು ಕಲಗಚ್ಚು. ತೋರ್ಲೈವ್ ತಂಗಿಯ ಜೊತೆ ಮಾತು ಬಿಟ್ಟ, ಆದರೆ ಪ್ರತಿ ಕೂಟದಲ್ಲೂ ಅವಳ ಹೆಸರು ಹಿಡಿದು ಅವಳಿಗಾಗಿ ಪ್ರಾರ್ಥಿಸುತ್ತಾನೆ. ಇದಕ್ಕಿಂತ ಕೊಳಕು ಬೈಗುಳ ನಾನು ಮೀನಿನ ದಕ್ಕೆಯಲ್ಲೂ ಕೇಳಿಲ್ಲ.

ಹೆರ್ಡಿಸ್‌ಗೆ ಪಶ್ಚಾತ್ತಾಪ ಇದೆಯೇ ಎಂದು ಒಮ್ಮೆ ಕೇಳಿದೆ. ಕೊರ್ನೆಲಿಯುಸ್ ನೆನಪಾಗುತ್ತಾನೆ, ದಿನಾ ನೆನಪಾಗುತ್ತಾನೆ ಎಂದಳು. ಬೆಳಿಗ್ಗೆ ಎದ್ದು ದೇವರ ಮುಂದೆ ಕೂತಾಗ ಮೊದಲು ಅದನ್ನೇ ಹೇಳುತ್ತಾಳಂತೆ, ನನಗೆ ಇಂಥದ್ದು ಬೇಕಿತ್ತು, ಈಗಲೂ ಬೇಕು ಎಂದು. ಆಮೇಲೆ ಕುರಿಗೆ ನೀರಿಡಲು ಏಳುತ್ತಾಳೆ.

ಐವಿಂದ್ ಕುರಿಗಳ ಬಳಿ ಮತ್ತೆ ಮೈ ತುಂಬಿಕೊಂಡ, ಕೂಗಿದರೆ ಅವು ಗುಡ್ಡ ಇಳಿದು ಬಂದವು. ಎಲ್ಲ ಮೊದಲಿನಂತಾಯಿತು ಎಂದುಕೊಂಡೆವು. ಆ ಚಳಿಗಾಲದಲ್ಲಿ ಅವನಿಗೆ ಹಲ್ಲುನೋವು ಬಂತು, ಕೆನ್ನೆ ಊದಿ ಕಣ್ಣು ಮುಚ್ಚಿಕೊಂಡಿತು. ಹಲ್ಲಿನ ಡಾಕ್ಟರು ಇರುವುದು ಒಳನಾಡಿನಲ್ಲಿ. ನಾನೂ ಹೆರ್ಡಿಸಳೂ ಅವನನ್ನು ದಕ್ಕೆಯವರೆಗೆ ಕರೆತಂದೆವು. ಫೆರ್ರಿಯ ಹಲಗೆಯ ಮುಂದೆ ಅವನು ಕಂಬವನ್ನು ಅಪ್ಪಿಕೊಂಡು ನಿಂತುಬಿಟ್ಟ. ಹೆರ್ಡಿಸ್ ಅವನ ಊದಿದ ಕೆನ್ನೆಗೆ ಕೈಯಿಟ್ಟು, ನಾನು ಜೊತೆಗೇ ಇರುತ್ತೇನೆ, ಸಂಜೆಯೊಳಗೆ ಇಬ್ಬರೂ ಮನೆಗೆ ಬಂದುಬಿಡೋಣ ಎಂದಳು.

ಅವನು ಅವಳನ್ನೇ ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಹೋದ ಸಲಾನೂ ಹಿಂಗೇ ಹೇಳಿದ್ದೆ," ಎಂದ.

ಫೆರ್ರಿಯವನು ಸ್ವಲ್ಪ ಹೊತ್ತು ಕಾದು, ಆಮೇಲೆ ಹಲಗೆ ಎತ್ತಿಕೊಂಡು ಹೊರಟುಹೋದ.