ಗದಗಿನ ಗಟಾರದಲ್ಲಿ ಬಿಟ್ಟು ಬಂದದ್ದು

ಮುಂಬಯಿಗೆ ಬಂದ ಮರುದಿನ ಬೆಳಗ್ಗೆ ಬಾಗಿಲು ತೆರೆದವಳೇ ವಾಂತಿ ಮಾಡಿಕೊಂಡೆ. ನನ್ನ ಮುಖದ ಮಟ್ಟಕ್ಕೆ ಹಗ್ಗ ಕಟ್ಟಿ ಮೀನು ನೇತುಹಾಕಿದ್ದರು. ಬಾಯಿ ತೆರೆದುಕೊಂಡೇ ಒಣಗಿದ್ದವು. ಇವಕ್ಕೆ ಇಲ್ಲಿ ಬೋಂಬಿಲ್ ಅನ್ನುತ್ತಾರೆ. ನಾವು ಸಂಡಿಗೆ ಒಣಗಿಸಿದ ಹಾಗೆ ಇವರು ಇದನ್ನು ಒಣಗಿಸುತ್ತಾರೆ. ನಮ್ಮದು ಒಂದು ಖೋಲಿ, ಅಂದರೆ ಒಂದೇ ಕೋಣೆ. ಅಡುಗೆ, ಸ್ನಾನ, ನಿದ್ದೆ ಎಲ್ಲ ಅದರಲ್ಲೇ. ಸಂಡಾಸು ಮಾತ್ರ ಹೊರಗೆ, ಇಡೀ ಸಾಲಿಗೆ ಒಂದು. ಅಲ್ಲಿಗೆ ಹೋಗುವಾಗ ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತೇನೆ. ಮುಂಡರಗಿ ಕಡೆ ಮನೆ ಸಣ್ಣದಿದ್ದರೂ ಅಂಗಳಕ್ಕೆ ಹೊಲದ ಗಾಳಿ ಬರುತ್ತದೆ. ಇಲ್ಲಿಯ ಗಾಳಿ ಆಗಲೇ ಯಾರೋ ಉಸಿರಾಡಿ ಬಿಟ್ಟದ್ದು.

ಇಷ್ಟು ಹೇಸಿಕೊಳ್ಳುವ ನಾನು ಮಾಡಿದ ಹೇಸಿ ಕೆಲಸವನ್ನೇ ಈಗ ಬರೆಯಬೇಕು.

ನನ್ನ ತಮ್ಮ ಈರಣ್ಣ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಅವನ ಎಡ ತೊಡೆಯಲ್ಲಿ ಗಡ್ಡೆಯೊಂದು ಎದ್ದಿತು. ನೋವಿರಲಿಲ್ಲ. ಮುಂಡರಗಿಯ ಡಾಕ್ಟರು ಅದನ್ನು ಕೊಯ್ದು ತೆಗೆದು, ಬಾಟಲಿಯಲ್ಲಿ ಹಾಕಿ, ಈರಣ್ಣ ಒಳಗೆ ಮಲಗಿದ್ದಾಗ ಹೊರಗೆ ನನ್ನ ಕೈಗೆ ಕೊಟ್ಟರು. "ಗದಗಿನ ಲ್ಯಾಬಿಗೆ ಇವತ್ತ ಮುಟ್ಟಸ್ರಿ. ಇದು ಎಂಥಾದ್ದು ಅಂತ ತಿಳೀಬೇಕು" ಎಂದರು.

ಅಂದು ಶ್ರಾವಣ ಸೋಮವಾರ. ಲಿಂಗಪೂಜೆ ಮಾಡಿ, ವಿಭೂತಿ ಹಚ್ಚಿಕೊಂಡು, ಉಪವಾಸದಲ್ಲಿದ್ದೆ. ತತ್ತಿಯನ್ನೂ ಮುಟ್ಟದ ಮನೆತನ ನಮ್ಮದು. ಕೊರಳಲ್ಲಿ ಲಿಂಗ, ತೊಡೆಯ ಮೇಲೆ ಮಾಂಸದ ಬಾಟಲಿ. ಬಸ್ಸು ಕುಲುಕಿದಾಗಲೆಲ್ಲ ಒಳಗಿನದು ಮಗ್ಗುಲು ಬದಲಿಸುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಕೇಳಿದಳು, "ಉಪ್ಪಿನಕಾಯಿ ಏನ್ಬೇ ಯಕ್ಕಾ? ಮಾವಿಂದೋ, ಲಿಂಬೀದೋ?"

ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳು ಲ್ಯಾಬಿನ ದಾರಿ ಹಿಡಿಯಲಿಲ್ಲ. ಹಿಂದಿನ ಗೋಡೆಯ ಬದಿಗೆ ಹೋಗಿ, ಮುಚ್ಚಳ ತಿರುವಿ, ಗಟಾರಕ್ಕೆ ಸುರಿದೆ. ಮೂಗು ಉರಿಸುವ ನೀರು ಹರಿದುಹೋಯಿತು. ಗಡ್ಡೆ ಕೆಸರಿನಲ್ಲಿ ಕೂತಿತು. ನಾಯಿಯೊಂದು ಬಂತು. ನಾನು ನಳದ ಕೆಳಗೆ ಮೊಣಕೈವರೆಗೆ ತೊಳೆದುಕೊಂಡು ಮನೆಗೆ ಹೋದೆ. "ಏನೂ ಇಲ್ಲಂತ. ಸಾದಾ ಗಡ್ಡಿ ಅಂತ" ಎಂದು ಈರಣ್ಣನಿಗೆ ಹೇಳಿದೆ. ಡಾಕ್ಟರು ಫೋನ್ ಮಾಡಿ ಕೇಳಿದಾಗ ಅವರಿಗೂ ಅದನ್ನೇ ಹೇಳಿದೆ. ಕೆಲವು ತಿಂಗಳಲ್ಲಿ ಅದೇ ಜಾಗದಲ್ಲಿ ಗಡ್ಡೆ ಮತ್ತೆ ಬಂತು, ತೆಂಗಿನಕಾಯಿಯಷ್ಟು.

ಅವನನ್ನು ಮುಂಬಯಿಗೆ ಕರೆತಂದೆ. ಇಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ, ಹಿಂದೆ ತೆಗೆದ ತುಣುಕು ಎಲ್ಲಿ ಎಂದು. "ಸಾದಾ ಗಡ್ಡೆ ಅಂದು ಡಾಕ್ಟರು ಕೊಡಲೇ ಇಲ್ಲ" ಎಂದೆ. ಅಂದಿನಿಂದ ಈರಣ್ಣ ಅವರನ್ನು ಬೈಯದ ದಿನವಿಲ್ಲ. ನಾನು ಪಕ್ಕದಲ್ಲಿ ಕೂತು ಹೂಂಗುಡುತ್ತಿದ್ದೆ.

ಇದಕ್ಕೆ ಸಾರ್ಕೋಮಾ ಅನ್ನುತ್ತಾರೆ. ಮಾಂಸ, ಕೊಬ್ಬು, ಎಲುಬುಗಳಲ್ಲಿ ಹುಟ್ಟುವ ಕ್ಯಾನ್ಸರ್. ಅದರಲ್ಲಿ ಬಹಳ ಜಾತಿಗಳಿವೆ. ತುಣುಕನ್ನು ತೆಳ್ಳಗೆ ಕೊಯ್ದು ಬಣ್ಣ ಹಾಕಿ ನೋಡದೆ ಯಾವುದೆಂದು ತಿಳಿಯುವುದಿಲ್ಲ, ತಿಳಿಯದೆ ಸರಿಯಾದ ಔಷಧ ಕೊಡಲಾಗುವುದಿಲ್ಲ. ಏಳನೆಯ ಇಯತ್ತೆ ಓದಿದ ನನಗೆ ಇದನ್ನೆಲ್ಲ ಹೇಳಿದವಳು ಗಡಿಯಾಚೆಯ ಜತ್ತ ಕಡೆಯ ಹುಡುಗಿ. ಆಸ್ಪತ್ರೆಯ ಸಂಶೋಧನೆ ವಿಭಾಗದಲ್ಲಿದ್ದಾಳೆ, ನಮ್ಮಂತೆಯೇ ಕನ್ನಡ ಮಾತಾಡುತ್ತಾಳೆ.

ಆಪರೇಷನ್ನಿಗೆ ಮುಂಚೆ ಅವಳು ಈರಣ್ಣನ ಹಾಸಿಗೆಯ ಹತ್ತಿರ ಬಂದು ಕೇಳಿದಳು. "ಅಣ್ಣಾರ, ಈ ಬ್ಯಾನಿ ಭಾಳ ಮಂದಿಗೆ ಬರೂದಿಲ್ರಿ. ಬಂದವರ ಗಡ್ಡಿ ಇಟ್ಕೊಂಡು ನೋಡಿದ್ರನ ಮುಂದಿನವರಿಗೆ ಔಷಧ ಸಿಗತೈತಿ. ನಿಮ್ದು ಒಂದು ತುಣುಕು ನಾವು ಇಟ್ಕೊಳ್ಳೋಣೇನ್ರಿ?"

"ಇಟ್ಕೋರಿ. ನಮ್ಮೂರ ಡಾಕ್ಟರಂತೂ ತಿಪ್ಪಿಗೆ ಒಗದ. ನೀವರೆ ಜ್ವಾಕಿ ಮಾಡ್ರಿ" ಎಂದು ಈರಣ್ಣ ನಕ್ಕ.

ಹುಡುಗಿ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಒಗದಾವ ಅವನಲ್ಲೋ ತಮ್ಮಾ, ನಾನು" ಎಂದೆ. ಬಸ್ಸು, ಬಾಟಲಿ, ಗಟಾರ, ನಾಯಿ, ಎಲ್ಲ ಹೇಳಿದೆ.

ಅವನು ಕೇಳಿದ, "ನಾಯಿ ತಿಂತೇನು?"

"ಇಲ್ಲೋ. ಮೂಸಿ ನೋಡಿ ಹೋತು."

"ನಾಯಿಗೂ ಬ್ಯಾಡಾತು" ಎಂದು ಗೋಡೆಯ ಕಡೆ ಹೊರಳಿದ.

ಆಪರೇಷನ್ನಿನ ಬೆಳಗ್ಗೆ ಅವನು ಆ ಹುಡುಗಿಯನ್ನು ಕರೆದು ಒಂದೇ ಮಾತು ಹೇಳಿದ. ನಾನು ಅಲ್ಲೇ ನಿಂತಿದ್ದೆ.

"ತುಣುಕು ನೀವ ಒಯ್ರಿ ತಂಗಿ. ನಮ್ಮಕ್ಕನ ಕೈಯಾಗ ಕೊಡಬ್ಯಾಡ್ರಿ."

ಕಾಲು ಉಳಿದಿದೆ. ತೊಡೆಯ ಅರ್ಧ ಮಾಂಸ ಹೋಗಿದೆ. ಕ್ಲಚ್ ಒತ್ತುವ ಕಾಲು ಅದು, ಇನ್ನು ಒತ್ತಲಾರದು. ಮೊದಲೇ ತಿಳಿದಿದ್ದರೆ ಇಷ್ಟು ತೆಗೆಯಬೇಕಿರಲಿಲ್ಲವೇನೋ ಎಂದು ಡಾಕ್ಟರು ಹೇಳಿದರು. ಈಗ ಕರೆಂಟ್, ಅಂದರೆ ರೇಡಿಯೇಶನ್, ಕೊಡುತ್ತಿದ್ದಾರೆ. ಚರ್ಮ ಸುಟ್ಟು ಸುಲಿದು ವಾಸನೆ ಬರುತ್ತದೆ. ದಿನಾ ನಾನೇ ಒರೆಸುತ್ತೇನೆ. ಆ ವಾಸನೆಗೆ ನನಗೆ ಹೇಸಿಗೆ ಬರುವುದಿಲ್ಲ. ನನ್ನ ಕೈ ನೋಡಿದರೆ ಬರುತ್ತದೆ.

ಅವನಿಗೂ ಬರುತ್ತದೆ. ಜೋಳದ ಹಿಟ್ಟು ಸಿಗುವ ಗಿರಣಿಯನ್ನು ಊರೆಲ್ಲ ಕೇಳಿ ಹುಡುಕಿದ್ದೆ. ಮೊದಲ ರೊಟ್ಟಿ ಉಬ್ಬಿದ ದಿನ ಈ ಊರನ್ನು ಗೆದ್ದೆ ಅನಿಸಿತ್ತು. ಈಗ ಈರಣ್ಣ ನಾನು ಬಡಿದ ರೊಟ್ಟಿ ಮುಟ್ಟುವುದಿಲ್ಲ. ಮೀನು ಒಣಗಿಸುವ ನೆರೆಯವಳನ್ನು ನಾವು ಮಾವಶಿ ಅನ್ನುತ್ತೇವೆ, ಚಿಕ್ಕಮ್ಮ ಎಂದರ್ಥ. ಅವಳು ನಮಗಾಗಿ ಬೇರೆ ಪಾತ್ರೆಯಲ್ಲಿ ಅನ್ನ ಮಾಡಿ ತಂದುಕೊಡುತ್ತಾಳೆ. ಅದನ್ನು ಅವನು ಉಣ್ಣುತ್ತಾನೆ. ಮೀನು ಮುಟ್ಟುತ್ತದೆಂದು ನಾನು ಹೇಸಿದ್ದ ಕೈ ಅದು.

ಮುಂಡರಗಿಯ ಡಾಕ್ಟರಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಅವರು ಫೋನ್ ಇಟ್ಟುಬಿಟ್ಟರು.

ಊರಿನಿಂದ ಅವ್ವ ಕೇಳುತ್ತಾಳೆ, "ಆ ಹೊಲಸು ಊರಾಗ ಎಷ್ಟು ದಿನಾಂತ ಇರ್ತೀರಿ? ಮನಿಗೆ ಬರ್ರಿ." ರೈಲು ನೇರ ಗದಗಿಗೇ ಹೋಗುತ್ತದೆ. ಅಲ್ಲಿಂದ ಮುಂಡರಗಿಗೆ ಆ ಬಸ್ ಸ್ಟ್ಯಾಂಡಿನಲ್ಲೇ ಬಸ್ಸು ಹತ್ತಬೇಕು. ನನ್ನ ತಮ್ಮನ ಒಂದು ತುಣುಕನ್ನು ಈ ಹೊಲಸು ಊರಿನವರು ಮಂಜುಗಟ್ಟುವ ಪೆಟ್ಟಿಗೆಯಲ್ಲಿ ಹೆಸರು ಬರೆದು ಇಟ್ಟಿದ್ದಾರೆ. ಇನ್ನೊಂದು ನಮ್ಮೂರ ದಾರಿಯಲ್ಲಿದೆ, ನಾನು ಇಟ್ಟಲ್ಲಿ.